ಈಜು ತಂಡದ ವಯಸ್ಕ ಸದಸ್ಯರಿಗೆ ಸನ್ಮಾನ: ಯಾರಿಗೆ, ಯಾವುದಕ್ಕಾಗಿ, ಹೇಗೆ?

ಪ್ರಶ್ನೆ: ಮೈಸೂರಿನ ಈಜುಕೊಳವೊಂದರಲ್ಲಿ ಬೆಳಗಿನ ಹೊತ್ತು ಈಜುವ ವಯಸ್ಕರೆಲ್ಲ ಸೇರಿ ಒಂದು ತಂಡ ಕಟ್ಟಿಕೊಂಡಿದ್ದೇವೆ. ಮೂವತ್ತರ ಆಸುಪಾಸಿನವರಿಂದ ಎಂಬತ್ತಕ್ಕೆ ಹತ್ತಿರವಾದವರವರೆಗೆ ಸುಮಾರು ಅರವತ್ತು ಸದಸ್ಯರಿದ್ದೇವೆ. ಈ ವರ್ಷ ನಾನು ಕಾರ್ಯದರ್ಶಿ. ವಾರ್ಷಿಕೋತ್ಸವದಲ್ಲಿ ಮಾಸ್ಟರ್ಸ್ ಸ್ಪರ್ಧೆಗಳಲ್ಲಿ (ವಯಸ್ಕರಿಗಾಗಿ ವಯೋವರ್ಗಗಳಲ್ಲಿ ನಡೆಯುವ ಸ್ಪರ್ಧೆಗಳಲ್ಲಿ) ಪದಕ ಗೆದ್ದವರಿಗೂ ಅತ್ಯಂತ ಹಿರಿಯ ಸದಸ್ಯರಿಗೂ ಶಾಲು ಹೊದಿಸುವುದು ನಮ್ಮ ರೂಢಿ. ಅದೇ ನಾಲ್ಕೈದು ಮಂದಿಗೆ ಮತ್ತೆ ಮತ್ತೆ ಸನ್ಮಾನವಾಗುತ್ತಿದೆ ಎಂಬ ಗೊಣಗಾಟ ಈಗ ಜೋರಾಗಿದೆ. ಹೋದ ವರ್ಷ ‘ಸ್ಫೂರ್ತಿ ನೀಡಿದ ಸದಸ್ಯೆ’ ಎಂದು ಒಬ್ಬರನ್ನು ವೇದಿಕೆಗೆ ಕರೆದಾಗ ನಿರೂಪಕರು ಅವರ ಕ್ಯಾನ್ಸರ್ ಚಿಕಿತ್ಸೆಯ ವಿಷಯವನ್ನೆಲ್ಲ ಮೈಕಿನಲ್ಲಿ ವಿವರಿಸಿದರು. ಅವರು ನೊಂದುಕೊಂಡು, ಕೊಳಕ್ಕೆ ಬರುವುದನ್ನೇ ಕಡಿಮೆ ಮಾಡಿದ್ದಾರೆ. ಈ ಬಾರಿ ಯಾರನ್ನು ಆರಿಸಬೇಕು, ಹೇಗೆ ಆರಿಸಬೇಕು, ಸಮಾರಂಭ ಹೇಗಿರಬೇಕು ಎಂಬುದನ್ನು ವಿವರವಾಗಿ ತಿಳಿಸುವಿರಾ?

ಉತ್ತರ: ಪದಕ ಗೆದ್ದವರಿಗೆ ಸ್ಪರ್ಧೆಯ ದಿನವೇ, ಸ್ಪರ್ಧೆ ನಡೆಸಿದವರಿಂದಲೇ ಗೌರವ ಸಂದಿರುತ್ತದೆ. ಅದನ್ನು ತಂಡದ ವೇದಿಕೆಯಲ್ಲಿ ಇನ್ನೊಮ್ಮೆ ಕೊಡುವುದು ತಪ್ಪೇನಲ್ಲ, ಆದರೆ ಅದರಿಂದ ಯಾರಿಗೂ ಹೊಸದೇನೂ ತಿಳಿಯುವುದಿಲ್ಲ. ತಂಡವೊಂದು ತನ್ನ ಹೆಸರಿನಲ್ಲಿ ಕೊಡುವ ಸನ್ಮಾನವು ಸ್ಟಾಪ್‌ವಾಚಿನಲ್ಲಿ ದಾಖಲಾಗದ, ಒಟ್ಟಿಗೆ ಈಜುವವರಿಗೆ ಮಾತ್ರ ಕಾಣುವ ಕೆಲಸಕ್ಕೆ ಸಲ್ಲಬೇಕು. ಅದೇ ಹೊತ್ತಿಗೆ ಆ ಕೆಲಸ, ಬೇರೆ ಯಾರಾದರೂ ಪರಿಶೀಲಿಸಿ ಹೌದೆನ್ನಬಹುದಾದಷ್ಟು ನಿರ್ದಿಷ್ಟವಾಗಿಯೂ ಇರಬೇಕು. ಈ ಎರಡರಲ್ಲಿ ಒಂದನ್ನು ಬಿಟ್ಟರೆ ನೀವು ಹೇಳುವ ಎರಡು ತೊಂದರೆಗಳಲ್ಲಿ ಒಂದು ಬಂದೇ ಬರುತ್ತದೆ. ಗಡಿಯಾರವನ್ನಷ್ಟೇ ನಂಬಿದರೆ ಅದೇ ನಾಲ್ಕೈದು ಮಂದಿ ಪ್ರತಿವರ್ಷ ವೇದಿಕೆ ಏರುತ್ತಾರೆ. ನಿರ್ದಿಷ್ಟತೆಯನ್ನು ಬಿಟ್ಟರೆ ನಿರೂಪಕರಿಗೆ ಹೇಳಲು ಏನೂ ಸಿಗದೆ, ಕೈಗೆ ಸುಲಭವಾಗಿ ಸಿಗುವ ಕಾಯಿಲೆಯ ಕತೆಯನ್ನು ಹೇಳಿಬಿಡುತ್ತಾರೆ.

ವಯಸ್ಕರ ಈಜಿನ ಚಳವಳಿ ಹುಟ್ಟಿದ್ದೇ ಈ ತಿಳಿವಳಿಕೆಯಿಂದ ಎಂಬುದನ್ನು ನಿಮ್ಮ ಸಮಿತಿಯವರಿಗೆ ನೆನಪಿಸಬಹುದು. ಅಮೆರಿಕದ ನೌಕಾಪಡೆಯಲ್ಲಿ ವೈದ್ಯರಾಗಿದ್ದ ರ‍್ಯಾನ್ಸಮ್ ಆರ್ಥರ್ ಅವರು, ಶಾಲೆ ಕಾಲೇಜು ಮುಗಿದೊಡನೆ ಈಜನ್ನೂ ಕೈಬಿಟ್ಟವರು ಮತ್ತೆ ನೀರಿಗೆ ಇಳಿಯಬೇಕಾದರೆ ಅವರ ಮುಂದೆ ಒಂದು ಗುರಿ ಇರಬೇಕು, ಆ ಗುರಿಯ ನೆಪದಲ್ಲಿ ಆರೋಗ್ಯ ತಾನಾಗಿ ಒದಗುತ್ತದೆ ಎಂದು ನಂಬಿದ್ದರು. ಅವರು ತರಬೇತುದಾರರ ಸಂಘದಲ್ಲಿದ್ದ ಜಾನ್ ಸ್ಪ್ಯಾನತ್ ಅವರೊಡನೆ ಸೇರಿ 1970ರ ಮೇ ತಿಂಗಳಲ್ಲಿ ಟೆಕ್ಸಸ್‌ನ ಅಮರಿಲ್ಲೊ ನಗರದಲ್ಲಿ ಮೊದಲ ಮಾಸ್ಟರ್ಸ್ ಕೂಟ ನಡೆಯುವಂತೆ ಮಾಡಿದರು. 1986ರಲ್ಲಿ ಟೋಕಿಯೊದಲ್ಲಿ ಮಾಸ್ಟರ್ಸ್ ಈಜಿನ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ನಮ್ಮ ರಾಜ್ಯದಲ್ಲಿಯೇ 2023ರ ನವೆಂಬರಿನಲ್ಲಿ ರಾಷ್ಟ್ರೀಯ ಮಾಸ್ಟರ್ಸ್ ಈಜು ಚಾಂಪಿಯನ್‌ಷಿಪ್ ಮಂಗಳೂರಿನ ಎಮ್ಮೆಕೆರೆ ಈಜುಕೊಳದಲ್ಲಿ ನಡೆದದ್ದು ನಿಮ್ಮಲ್ಲಿ ಹಲವರಿಗೆ ಗೊತ್ತಿರಬೇಕು. ಗಮನಿಸಬೇಕಾದ ಸಂಗತಿಯೆಂದರೆ, ಅಮೆರಿಕದ ಮಾಸ್ಟರ್ಸ್ ಈಜು ಸಂಸ್ಥೆಯು ಆರ್ಥರ್ ಅವರ ಹೆಸರಿನಲ್ಲಿ ಕೊಡುವ ಗೌರವ ಆ ವರ್ಷದ ಅತಿ ವೇಗದ ಈಜುಗಾರನಿಗೆ ಹೋಗುವುದಿಲ್ಲ. ಸಂಸ್ಥೆಯ ಉದ್ದೇಶಗಳಿಗಾಗಿ ಬಿಡುವಿನ ವೇಳೆಯಲ್ಲಿ ಸಂಬಳವಿಲ್ಲದೆ ದುಡಿದವರಿಗೆ ಹೋಗುತ್ತದೆ. ಸಾವಿರಾರು ದಾಖಲೆಗಳ ಪಟ್ಟಿಯನ್ನು ಇಟ್ಟುಕೊಂಡಿರುವ ಸಂಸ್ಥೆಯೇ ಹೀಗೆ ಮಾಡುವಾಗ, ಅರವತ್ತು ಜನರ ತಂಡವೊಂದು ಪದಕಗಳ ಲೆಕ್ಕಕ್ಕೆ ಕಟ್ಟುಬೀಳಬೇಕಾದ ಕಾರಣವಿಲ್ಲ.

ಹಾಗಾದರೆ ಯಾರ ಕಡೆ ನೋಡಬೇಕು? ಮೊದಲು ನೋಡಬೇಕಾದವರು, ದೊಡ್ಡವರಾದ ಮೇಲೆ ಈಜು ಕಲಿತವರು. ನಮ್ಮಲ್ಲಿ ಹಳ್ಳಿಯ ಗಂಡುಹುಡುಗರು ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡು ಬಾವಿಯಲ್ಲೋ ಕೆರೆಯಲ್ಲೋ ಈಜು ಕಲಿತುಬಿಡುತ್ತಿದ್ದರು. ಪೇಟೆಯಲ್ಲಿ ಬೆಳೆದವರಿಗೂ, ಎಲ್ಲಿ ಬೆಳೆದರೂ ಬಹುಪಾಲು ಹೆಣ್ಣುಮಕ್ಕಳಿಗೂ, ಆ ಅವಕಾಶ ಇರಲಿಲ್ಲ. ಹಾಗಾಗಿ ನಲವತ್ತು ದಾಟಿದ ಮಹಿಳೆಯೊಬ್ಬರು ನಿಮ್ಮ ಕೊಳಕ್ಕೆ ಬಂದು, ಕೊಳದಂಚಿನ ಕಂಬಿಯನ್ನು ಬಿಟ್ಟು, ನೀರಿನೊಳಗೆ ಮುಖವಿಟ್ಟು ಉಸಿರು ಬಿಡುವುದನ್ನು ಕಲಿತು, ಕೊನೆಗೆ ನೆಲ ಸಿಗದ ಕಡೆಗೆ ಈಜಿಕೊಂಡು ಹೋಗಿ ವಾಪಸು ಬರುವುದು, ಶಾಲಾ ದಿನಗಳಿಂದಲೂ ಈಜುತ್ತ ಬಂದವರೊಬ್ಬರು ರಾಜ್ಯಮಟ್ಟದಲ್ಲಿ ಕಂಚು ಗೆಲ್ಲುವುದಕ್ಕಿಂತ ಕಷ್ಟದ ಕೆಲಸ. ಇದು ಸೌಜನ್ಯಕ್ಕಾಗಿ ಹೇಳುವ ಮಾತಲ್ಲ. ಚಿಕ್ಕ ಮಕ್ಕಳ ದೇಹ ನೀರಿಗೆ ಬೇಗ ಒಗ್ಗಿಕೊಳ್ಳುತ್ತದೆ. ದೊಡ್ಡವರ ವಿಷಯದಲ್ಲಿ ದೇಹಕ್ಕಿಂತ ಮೊದಲು ಭಯವನ್ನು ಒಗ್ಗಿಸಬೇಕು, ಮತ್ತು ಆ ಭಯ ಪ್ರತಿದಿನ ಬೆಳಿಗ್ಗೆ ಮತ್ತೆ ಹೊಸದಾಗಿ ಬರುತ್ತದೆ. ಭಾರತದಲ್ಲಿ ವರ್ಷಕ್ಕೆ 30,000ಕ್ಕೂ ಹೆಚ್ಚು ಮಂದಿ ನೀರಿನಲ್ಲಿ ಮುಳುಗಿ ಸಾಯುತ್ತಾರೆಂದು ಸರ್ಕಾರಿ ಅಂಕಿಅಂಶಗಳೇ ಹೇಳುತ್ತವೆ. ವಯಸ್ಕನೊಬ್ಬ ಈಜು ಕಲಿತರೆ ತಾನೂ ಉಳಿಯುತ್ತಾನೆ, ಮನೆಯ ಮಕ್ಕಳನ್ನೂ ಕಲಿಯಲು ಕಳಿಸುತ್ತಾನೆ.

ಎರಡನೆಯದಾಗಿ ನೋಡಬೇಕಾದದ್ದು ನಿಯಮಿತತೆ. ಬಿಸಿನೀರಿನ ವ್ಯವಸ್ಥೆಯಿಲ್ಲದ ಬಯಲು ಕೊಳದಲ್ಲಿ ಡಿಸೆಂಬರ್ ಜನವರಿಯ ಮೈಸೂರಿನ ಬೆಳಗಿನಲ್ಲಿ ನೀರಿಗೆ ಇಳಿಯುವುದೆಂದರೆ ಏನೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಬೇಸಿಗೆ ಶಿಬಿರದ ನೂಕುನುಗ್ಗಲಿನಲ್ಲಿ ಲೇನ್ ಸಿಗದೆ ಬೇಸತ್ತು ಹೋಗುವ ಏಪ್ರಿಲ್ ತಿಂಗಳೂ ಅಷ್ಟೇ ಕಷ್ಟದ್ದು. ಈ ಎರಡೂ ಕಾಲಗಳಲ್ಲಿ ತಪ್ಪದೆ ಬಂದವರು ಯಾರೆಂಬುದು ಹಾಜರಿ ಪುಸ್ತಕದಲ್ಲಿ ಇದೆ. ಅದನ್ನು ಯಾರೂ ತೆರೆದು ನೋಡುವುದಿಲ್ಲ, ಅಷ್ಟೆ.

ಇನ್ನು ವಯಸ್ಸಿನ ಪ್ರಶ್ನೆ. ಇಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕಾಗಿದೆ, ಏಕೆಂದರೆ ‘ಅತ್ಯಂತ ಹಿರಿಯ ಸದಸ್ಯ’ ಎಂಬ ಕಾರಣಕ್ಕೆ ಶಾಲು ಹೊದಿಸುವುದು ಗೌರವದಂತೆ ಕಂಡರೂ, ಈಜುಗಾರನಾಗಿ ಆ ವ್ಯಕ್ತಿ ಏನು ಮಾಡಿದ್ದಾನೆ ಎಂಬುದನ್ನು ಅದು ಮರೆಸುತ್ತದೆ. ಹುಟ್ಟಿದ ವರ್ಷ ಯಾರ ಸಾಧನೆಯೂ ಅಲ್ಲ. ಮಾಸ್ಟರ್ಸ್ ಸ್ಪರ್ಧಿಗಳ ಸಮಯಗಳನ್ನು ವಯಸ್ಸಿನ ಜೊತೆಗಿಟ್ಟು ನೋಡಿದ ಅಧ್ಯಯನಗಳ ಪ್ರಕಾರ, ದೂರದ ಈಜಿನಲ್ಲಿ ವೇಗವು ಸುಮಾರು 70ರ ವಯಸ್ಸಿನವರೆಗೆ ನಿಧಾನವಾಗಿ, ಹೆಚ್ಚುಕಡಿಮೆ ಒಂದೇ ಇಳಿಜಾರಿನಲ್ಲಿ ತಗ್ಗುತ್ತ ಹೋಗುತ್ತದೆ. ಆ ಬಳಿಕ ಇಳಿತ ಕಡಿದಾಗುತ್ತದೆ. ಇದರ ಅರ್ಥ ನಿಮ್ಮ ಸಮಿತಿಗೆ ಬಹಳ ಮುಖ್ಯವಾದದ್ದು: 35ರ ಸದಸ್ಯನೊಬ್ಬ 100 ಮೀಟರ್ ಫ್ರೀಸ್ಟೈಲ್‌ನಲ್ಲಿ ನಾಲ್ಕು ಸೆಕೆಂಡು ಉಳಿಸಿದರೆ ಅದು ಒಳ್ಳೆಯ ಅಭ್ಯಾಸದ ಫಲ, ಆದರೆ 74ರ ಸದಸ್ಯರೊಬ್ಬರು ಹೋದ ವರ್ಷದ ಸಮಯವನ್ನೇ ಈ ವರ್ಷವೂ ಉಳಿಸಿಕೊಂಡಿದ್ದರೆ, ಅವರು ಇಳಿಜಾರಿನಲ್ಲಿ ನಿಂತ ಜಾಗದಲ್ಲೇ ನಿಂತಿದ್ದಾರೆ ಎಂದು ಅರ್ಥ, ಅದಕ್ಕೆ ಬೇಕಾದ ಶ್ರಮ ಹೆಚ್ಚಿನದು. ‘ಅತಿ ಹೆಚ್ಚು ಸುಧಾರಣೆ’ ಎಂಬ ಬಹುಮಾನವನ್ನು ಸೆಕೆಂಡುಗಳ ವ್ಯತ್ಯಾಸದಿಂದ ಅಳೆದರೆ ಅದು ಯಾವಾಗಲೂ ಕಿರಿಯರಿಗೇ ಹೋಗುತ್ತದೆ. ಹಿರಿಯರ ಪಾಲಿಗೆ ಸುಧಾರಣೆ ಅಂದರೆ ಕೆಲವೊಮ್ಮೆ ಏನೂ ಬದಲಾಗದಿರುವುದು.

ಹೊರಗಿನ ಎರಡು ಉದಾಹರಣೆಗಳನ್ನು ನೋಡಿ. ಜಪಾನಿನ ಮಿಯೆಕೊ ನಾಗಾವೊಕಾ ಅವರು ಎಂಬತ್ತರ ವಯಸ್ಸಿನ ಮೇಲೆ, ಮೊಣಕಾಲಿನ ತೊಂದರೆಗೆ ಆರೈಕೆಯೆಂದು ನೀರಿಗೆ ಇಳಿದವರು. 2015ರ ಏಪ್ರಿಲಿನಲ್ಲಿ, ನೂರು ವರ್ಷದವರಾಗಿದ್ದಾಗ, ಮತ್ಸುಯಾಮಾದಲ್ಲಿ 1,500 ಮೀಟರ್ ದೂರವನ್ನು ಅಂಗಾತ ಈಜಿನಲ್ಲಿ 1 ಗಂಟೆ 15 ನಿಮಿಷ 54.39 ಸೆಕೆಂಡುಗಳಲ್ಲಿ ಮುಗಿಸಿದರು. ನೂರು ದಾಟಿದವರು ಆ ದೂರವನ್ನು ಸ್ಪರ್ಧೆಯಲ್ಲಿ ಪೂರೈಸಿದ್ದು ಅದೇ ಮೊದಲು. ಆಸ್ಟ್ರೇಲಿಯದ ಜಾರ್ಜ್ ಕರೋನೆಸ್ ಅವರು 2018ರ ಫೆಬ್ರುವರಿಯಲ್ಲಿ 50 ಮೀಟರ್ ಫ್ರೀಸ್ಟೈಲನ್ನು 56.12 ಸೆಕೆಂಡುಗಳಲ್ಲಿ ಈಜಿ 100ರಿಂದ 104ರ ವಯೋವರ್ಗದ ವಿಶ್ವದಾಖಲೆಯನ್ನು ಮಾಡಿದರು. ಆಗ ಅವರಿಗೆ ಇನ್ನೂ 99. ಮಾಸ್ಟರ್ಸ್ ನಿಯಮದಲ್ಲಿ ವಯಸ್ಸನ್ನು ಸ್ಪರ್ಧೆಯ ವರ್ಷದ ಡಿಸೆಂಬರ್ 31ಕ್ಕೆ ಎಷ್ಟಾಗುತ್ತದೆಂದು ಲೆಕ್ಕ ಹಾಕುವುದರಿಂದ, ಆ ಏಪ್ರಿಲಿನಲ್ಲಿ ನೂರು ತುಂಬಲಿದ್ದ ಅವರು ವರ್ಷದ ಮೊದಲ ದಿನದಿಂದಲೇ ಹೊಸ ವರ್ಗಕ್ಕೆ ಸೇರಿದ್ದರು. (ನಿಮ್ಮ ತಂಡದ ಆಂತರಿಕ ಸ್ಪರ್ಧೆಗಳಿಗೂ ಇದೇ ನಿಯಮ ಇಟ್ಟುಕೊಳ್ಳಿ, ಹುಟ್ಟುಹಬ್ಬದ ಜಗಳಗಳು ತಪ್ಪುತ್ತವೆ.) ಇವರಿಬ್ಬರ ಬಗ್ಗೆ ನಾವು ಮಾತಾಡುವಾಗ ದೂರ, ಸಮಯ, ಈಜಿನ ಶೈಲಿ, ಶುರು ಮಾಡಿದ ವಯಸ್ಸು ಇವೆಲ್ಲ ಇವೆ. ನೂರು ಎಂಬ ಸಂಖ್ಯೆಯೊಂದೇ ಇದ್ದಿದ್ದರೆ ಹೇಳಲು ಏನೂ ಇರುತ್ತಿರಲಿಲ್ಲ. ನಿಮ್ಮ ತಂಡದ 79ರ ಹಿರಿಯರ ಬಗ್ಗೆಯೂ ಅದೇ ರೀತಿ ಮಾತಾಡಲು ಸಾಧ್ಯವಾಗಬೇಕು: ಈ ವರ್ಷ ಅವರು ಏನು ಈಜಿದರು?

ಮಾಸ್ಟರ್ಸ್ ನಿಯಮಗಳಲ್ಲಿ ನನಗೆ ತುಂಬ ಇಷ್ಟವಾದದ್ದು, ನಾಲ್ವರು ಒಬ್ಬರಾದ ಮೇಲೊಬ್ಬರು ಈಜುವ ರಿಲೇಯ ನಿಯಮ. ವಿಶ್ವಮಟ್ಟದಲ್ಲಿ ರಿಲೇ ತಂಡದ ವರ್ಗವನ್ನು ನಾಲ್ವರ ವಯಸ್ಸುಗಳ ಮೊತ್ತದಿಂದ ನಿರ್ಧರಿಸುತ್ತಾರೆ: 160ರಿಂದ 199, 200ರಿಂದ 239, 240ರಿಂದ 279, ಹೀಗೆ. 72, 64, 58 ಮತ್ತು 47ರ ನಾಲ್ವರು ಸೇರಿದರೆ ಮೊತ್ತ 241. ಅದರಲ್ಲಿ 72ರವರನ್ನು ಬಿಟ್ಟು 35ರ ವೇಗಿಯನ್ನು ಸೇರಿಸಿದರೆ ಮೊತ್ತ 204ಕ್ಕೆ ಇಳಿದು, ತಂಡವು ತನಗಿಂತ ಕಿರಿಯರ ಜೊತೆ ಸೆಣಸಬೇಕಾಗುತ್ತದೆ. ಅಂದರೆ ಇಲ್ಲಿ ಹಿರಿಯರ ವಯಸ್ಸು ತಂಡಕ್ಕೆ ಬಂಡವಾಳ. ಹಾಗೆಯೇ ನೀರಿಗೆ ಧುಮುಕುವ ಕಟ್ಟೆ, ಅಂದರೆ ಸ್ಟಾರ್ಟಿಂಗ್ ಬ್ಲಾಕ್, ಏರಲಾಗದವರು ನೀರಿನಲ್ಲಿಯೇ ಗೋಡೆ ಹಿಡಿದು ನಿಂತು ಸ್ಪರ್ಧೆ ಆರಂಭಿಸಬಹುದು. ಭುಜ ಒಪ್ಪಿದರೂ ಸೊಂಟ ಒಪ್ಪದವರು ಎರಡೂ ಕೈಗಳನ್ನು ಒಟ್ಟಿಗೆ ನೀರಿನ ಮೇಲಿಂದ ಬೀಸುವ ಬಟರ್‌ಫ್ಲೈಯಲ್ಲಿ ಬ್ರೆಸ್ಟ್‌ಸ್ಟ್ರೋಕಿನ, ಅಂದರೆ ಕಪ್ಪೆಯಂಥ, ಕಾಲೊದೆತ ಬಳಸಬಹುದು. ಯಾರನ್ನೂ ಕರುಣೆಯಿಂದ ನೋಡದೆ ಎಲ್ಲರಿಗೂ ಜಾಗ ಮಾಡಿಕೊಡುವುದು ಹೇಗೆಂದು ಈ ನಿಯಮಗಳನ್ನು ಬರೆದವರು ಯೋಚಿಸಿದ್ದಾರೆ. ನಿಮ್ಮ ಸನ್ಮಾನದಲ್ಲಿಯೂ ಇದಕ್ಕೆ ಒಂದು ಸ್ಥಾನ ಕೊಡಬಹುದು: ಒಬ್ಬರನ್ನೇ ಕರೆಯಬೇಕೆಂದಿಲ್ಲ, ಒಂದು ರಿಲೇ ತಂಡವನ್ನೋ, ವರ್ಷವಿಡೀ ಒಂದೇ ಲೇನಿನಲ್ಲಿ ಒಬ್ಬರನ್ನೊಬ್ಬರು ಎಳೆದುಕೊಂಡು ಬಂದ ಮೂವರನ್ನೋ ಒಟ್ಟಿಗೆ ಗೌರವಿಸಬಹುದು. ನನ್ನ ಅನುಭವದಲ್ಲಿ ಇಂಥ ಸನ್ಮಾನಕ್ಕೆ ಎದುರು ಮಾತು ಬಂದದ್ದಿಲ್ಲ.

ಈಜಿನ ಹೊರಗಿನ ಕೆಲಸವನ್ನು ನಾನು ಕೊನೆಗೆ ಹೇಳುತ್ತಿದ್ದೇನೆಂದು ಅದು ಕಡಿಮೆಯದೆಂದು ತಿಳಿಯಬೇಡಿ. ಮಕ್ಕಳ ಕೂಟಗಳಲ್ಲಿ ಬಿಸಿಲಿಗೆ ನಿಂತು ಟೈಮ್‌ಕೀಪರ್ ಆಗುವವರು, ಮಹಿಳೆಯರ ಬ್ಯಾಚಿಗೆ ಪ್ರತ್ಯೇಕ ವೇಳೆ ಕೊಡಿಸಲು ಕಚೇರಿಯಿಂದ ಕಚೇರಿಗೆ ಅರ್ಜಿ ಹಿಡಿದು ಓಡಾಡಿದವರು, ಹೊಸಬರು ಗಾಬರಿಯಿಂದ ನಿಂತಾಗ ತಮ್ಮ ಲ್ಯಾಪುಗಳನ್ನು ಬಿಟ್ಟು ಐದಡಿ ನೀರಿನಲ್ಲಿ ಅವರ ಪಕ್ಕ ನಿಲ್ಲುವವರು ಪ್ರತಿ ತಂಡದಲ್ಲಿಯೂ ಇಬ್ಬರು ಮೂವರು ಇರುತ್ತಾರೆ. ಇವರು ತಮ್ಮ ಹೆಸರನ್ನು ತಾವೇ ಸೂಚಿಸಿಕೊಳ್ಳುವವರಲ್ಲ. ಲೈಫ್‌ಗಾರ್ಡ್ ಮತ್ತು ಕೊಳಕ್ಕೆ ಕ್ಲೋರಿನ್ ಹಾಕುವ ಸಿಬ್ಬಂದಿ ನಿಮ್ಮ ಸದಸ್ಯರಲ್ಲದಿದ್ದರೂ ಅವರಿಗೆ ಅದೇ ದಿನ ಪ್ರತ್ಯೇಕವಾಗಿ ಕೃತಜ್ಞತೆ ಸಲ್ಲಿಸಿ. ಶಾಲಿಗಿಂತ ಲಕೋಟೆ ಅವರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಕಾಯಿಲೆಯ ವಿಷಯಕ್ಕೆ ಬರೋಣ. ಹೃದಯದ ಶಸ್ತ್ರಚಿಕಿತ್ಸೆ, ಕ್ಯಾನ್ಸರ್, ಮೊಣಕಾಲಿನ ಬದಲಾವಣೆ, ಪಾರ್ಶ್ವವಾಯು, ಖಿನ್ನತೆ, ಸಂಗಾತಿಯ ಸಾವು, ಇವುಗಳಲ್ಲಿ ಯಾವುದಾದರೂ ಒಂದರ ಬಳಿಕ ವೈದ್ಯರ ಸಲಹೆಯಿಂದಲೋ ಮನಸ್ಸಿನ ಒತ್ತಾಯದಿಂದಲೋ ಕೊಳಕ್ಕೆ ಬಂದವರು ವಯಸ್ಕರ ತಂಡಗಳಲ್ಲಿ ಬಹಳ. ಅವರು ಅಲ್ಲಿಗೆ ಬರುವ ಕಾರಣಗಳಲ್ಲಿ ಒಂದು, ಆ ಒಂದು ಗಂಟೆಯ ಮಟ್ಟಿಗೆ ತಾವು ರೋಗಿಯಲ್ಲ, ನಾಲ್ಕನೆಯ ಲೇನಿನ ಈಜುಗಾರ ಎನ್ನಿಸಿಕೊಳ್ಳುವುದು. ಅಂಥವರನ್ನು ವೇದಿಕೆಗೆ ಕರೆದು ಆಸ್ಪತ್ರೆಯ ಕತೆ ಹೇಳಿದರೆ ಅವರು ಕೊಳದಲ್ಲಿ ಗಳಿಸಿಕೊಂಡಿದ್ದನ್ನು ನಾವೇ ಕಿತ್ತುಕೊಂಡಂತಾಗುತ್ತದೆ. ಆದ್ದರಿಂದ ನಿಯಮ ಸ್ಪಷ್ಟವಾಗಿರಲಿ: ಯಾರ ಆರೋಗ್ಯದ ಬಗ್ಗೆಯೂ, ಕುಟುಂಬದ ಸಾವುನೋವುಗಳ ಬಗ್ಗೆಯೂ, ಅವರೇ ಓದಿ ಒಪ್ಪಿದ ವಾಕ್ಯಗಳ ಹೊರತಾಗಿ ಒಂದು ಮಾತನ್ನೂ ವೇದಿಕೆಯಲ್ಲಾಗಲಿ ವಾಟ್ಸಾಪ್ ಗುಂಪಿನಲ್ಲಾಗಲಿ ಹೇಳಬಾರದು. ಒಪ್ಪಿಗೆಯನ್ನು ಹತ್ತು ಜನರ ಎದುರು ಕೇಳಬಾರದು. ಹಾಗೆ ಕೇಳಿದರೆ ಯಾರೂ ಬೇಡವೆನ್ನಲಾರರು. ಸಮಿತಿಯ ಒಬ್ಬರು, ಸಾಧ್ಯವಾದರೆ ಅವರಿಗೆ ಸಲಿಗೆಯಿರುವವರು, ಪತ್ರದ ಕರಡನ್ನು ಕೈಗೆ ಕೊಟ್ಟು, ಎರಡು ಮೂರು ದಿನ ಬಿಟ್ಟು ಉತ್ತರ ಪಡೆಯಲಿ. ಕೆಲವರು ತಮ್ಮ ಕತೆಯನ್ನು ತಾವೇ ಹೇಳಲು ಬಯಸುತ್ತಾರೆ, ಅದರಿಂದ ಬೇರೆಯವರಿಗೆ ಧೈರ್ಯ ಬರಲಿ ಎನ್ನುತ್ತಾರೆ. ಆಗ ಮೈಕನ್ನು ಅವರ ಕೈಗೇ ಕೊಡಿ, ನಿರೂಪಕರ ಕೈಗಲ್ಲ. ಅಂಗವೈಕಲ್ಯವಿರುವ ಸದಸ್ಯರ ವಿಷಯದಲ್ಲಿಯೂ ಇದೇ ನ್ಯಾಯ. ಬೆಂಗಳೂರಿನ ಶರತ್ ಗಾಯಕ್ವಾಡ್ ಅವರು 2014ರ ಇಂಚಿಯಾನ್ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಆರು ಪದಕ ಗೆದ್ದದ್ದು ಈಜಿನಿಂದ. ಅವರ ಬಗ್ಗೆ ಮಾತಾಡುವವರು ಅವರ ಕೈಯ ಊನದಿಂದ ಶುರುಮಾಡದೆ ಪದಕಗಳಿಂದ ಶುರುಮಾಡಿದರೆ ಮಾತಿಗೆ ಘನತೆ ಬರುತ್ತದೆ.

ಆಯ್ಕೆಯ ಕ್ರಮ ಸರಳವಾಗಿರಲಿ. ಯಾವ ಸದಸ್ಯರು ಬೇಕಾದರೂ ಇನ್ನೊಬ್ಬ ಸದಸ್ಯರ ಹೆಸರನ್ನು ಸೂಚಿಸಬಹುದು, ಆದರೆ ಒಂದು ಷರತ್ತು: ಕಳೆದ ಹನ್ನೆರಡು ತಿಂಗಳಲ್ಲಿ ಆ ವ್ಯಕ್ತಿ ಮಾಡಿದ, ಸೂಚಿಸುವವರು ಕಣ್ಣಾರೆ ಕಂಡ ಒಂದು ಸಂಗತಿಯನ್ನು ಮೂರು ನಾಲ್ಕು ವಾಕ್ಯಗಳಲ್ಲಿ ಬರೆದುಕೊಡಬೇಕು. ‘ತುಂಬ ಒಳ್ಳೆಯವರು’, ‘ಎಲ್ಲರಿಗೂ ಸ್ಫೂರ್ತಿ’ ಎಂಬುದಷ್ಟೇ ಬರೆದಿದ್ದರೆ ಆ ಚೀಟಿಯನ್ನು ವಾಪಸು ಕೊಟ್ಟು ಏನು ಕಂಡಿರೆಂದು ಕೇಳಿ. ಆಯ್ಕೆ ಸಮಿತಿಯಲ್ಲಿ ಮೂವರು ಸಾಕು. ಅವರಲ್ಲಿ ಒಬ್ಬರಾದರೂ ಮಹಿಳೆ, ಒಬ್ಬರಾದರೂ ತಂಡಕ್ಕೆ ಇತ್ತೀಚೆಗೆ ಸೇರಿದವರು ಇರಲಿ, ಏಕೆಂದರೆ ಹೊಸಬರಿಗೆ ಯಾರು ಕೈಹಿಡಿದರೆಂಬುದು ಹಳಬರಿಗೆ ತಿಳಿದಿರುವುದಿಲ್ಲ. ಕೋಚ್ ಸಮಿತಿಯಲ್ಲಿ ಇರಬಾರದು, ಆದರೆ ಅವರ ನೋಟ್‌ಬುಕ್ ಸಮಿತಿಯ ಮೇಜಿನ ಮೇಲೆ ಇರಬೇಕು. ಸಮಿತಿಯಲ್ಲಿ ಇರುವವರೂ ಅವರ ಮನೆಯವರೂ ಆ ವರ್ಷ ಸನ್ಮಾನಕ್ಕೆ ಅರ್ಹರಲ್ಲ, ಒಮ್ಮೆ ಸನ್ಮಾನ ಪಡೆದವರನ್ನು ಮುಂದಿನ ಐದು ವರ್ಷ ಪರಿಗಣಿಸುವುದಿಲ್ಲ ಎಂದು ಮಹಾಸಭೆಯಲ್ಲಿಯೇ ನಿರ್ಣಯ ಮಾಡಿಕೊಂಡರೆ ನಿಮ್ಮ ಗೊಣಗಾಟದ ಮುಕ್ಕಾಲು ಭಾಗ ಅಲ್ಲಿಗೇ ನಿಲ್ಲುತ್ತದೆ. ವಾಟ್ಸಾಪ್ ಗುಂಪಿನಲ್ಲಿ ಮತ ಹಾಕಿಸುವುದನ್ನು ಮಾತ್ರ ಖಂಡಿತ ಮಾಡಬೇಡಿ. ಅದರಲ್ಲಿ ಗೆಲ್ಲುವವರು ದಿನಾ ಬೆಳಿಗ್ಗೆ ಶುಭೋದಯ ಕಳಿಸುವವರು. ಸೋತವರ ಹೆಸರು ಎಲ್ಲರಿಗೂ ಗೊತ್ತಾಗುವುದು ಇನ್ನೂ ಕೆಟ್ಟದ್ದು.

ಎಷ್ಟು ಮಂದಿಗೆ? ಅರವತ್ತು ಸದಸ್ಯರ ತಂಡಕ್ಕೆ ವರ್ಷಕ್ಕೆ ಇಬ್ಬರು, ಹೆಚ್ಚೆಂದರೆ ಮೂವರು. ಯಾರಿಗೂ ಬೇಸರವಾಗಬಾರದೆಂದು ಹದಿನೈದು ಮಂದಿಗೆ ಶಾಲು ಹೊದಿಸುವ ಸಮಾರಂಭಗಳನ್ನು ನಾವೆಲ್ಲ ನೋಡಿದ್ದೇವೆ. ಅಲ್ಲಿ ಹದಿನಾರನೆಯವನಿಗಷ್ಟೇ ನಿಜವಾದ ಬೇಸರ. ತಕ್ಕವರು ಸಿಗದ ವರ್ಷ ಒಬ್ಬರಿಗೇ ಕೊಡಿ. ತೀರಿಕೊಂಡ ಸದಸ್ಯರ ಸ್ಮರಣೆಯನ್ನು ಇದರೊಂದಿಗೆ ಬೆರೆಸದೆ, ಕಾರ್ಯಕ್ರಮದ ಆರಂಭದಲ್ಲಿಯೇ ಪ್ರತ್ಯೇಕವಾಗಿ ಇಟ್ಟುಕೊಳ್ಳಿ.

ಸನ್ಮಾನದಲ್ಲಿ ಉಳಿಯುವ ವಸ್ತು ಒಂದೇ, ಅಭಿನಂದನಾ ಪತ್ರ. ಶಾಲು ಬೀರುವಿನಲ್ಲಿ ಹಳೆಯ ಶಾಲುಗಳ ಮೇಲೆ ಕೂರುತ್ತದೆ, ಫಲತಾಂಬೂಲದ ಹಣ್ಣು ಎರಡು ದಿನದಲ್ಲಿ ಮುಗಿಯುತ್ತದೆ, ಫೈಬರಿನ ಸ್ಮರಣಿಕೆಯ ಗತಿ ಎಲ್ಲರಿಗೂ ತಿಳಿದದ್ದೇ. ಪತ್ರವನ್ನು ಮಾತ್ರ ಮನೆಗೆ ಬಂದವರು ನಿಂತು ಓದುತ್ತಾರೆ. ಆದರೂ ನಮ್ಮ ಸನ್ಮಾನ ಪತ್ರಗಳಲ್ಲಿ ‘ಈಜುಲೋಕದ ಧ್ರುವತಾರೆ’, ‘ಛಲದಂಕಮಲ್ಲ’, ‘ಬಹುಮುಖ ಪ್ರತಿಭೆ’ ಎಂಬ ಮಾತುಗಳೇ ತುಂಬಿರುವುದರಿಂದ, ಹೆಸರು ಬದಲಿಸಿದರೆ ಅದೇ ಪತ್ರ ನಿವೃತ್ತ ತಹಸೀಲ್ದಾರರಿಗೂ ಸಲ್ಲುತ್ತದೆ. ಅದರ ಬದಲು ನಡೆದದ್ದನ್ನು ನಡೆದಂತೆ ಬರೆಯಿರಿ. ಮಾದರಿಗಾಗಿ ನಾನೇ ಕಲ್ಪಿಸಿ ಬರೆದ ಒಂದು ಪತ್ರ ಹೀಗಿದೆ: “ನಲವತ್ತಾರನೆಯ ವಯಸ್ಸಿನಲ್ಲಿ ಈಜು ಕಲಿಯಲು ಬಂದ ನೀವು ಮೊದಲ ಎರಡು ತಿಂಗಳು ಕೊಳದಂಚಿನ ಕಂಬಿಯನ್ನು ಬಿಟ್ಟಿರಲಿಲ್ಲ. ಈ ವರ್ಷದ ಫೆಬ್ರುವರಿಯಲ್ಲಿ ಕೊಳದ 50 ಮೀಟರ್ ಉದ್ದವನ್ನು ಎಲ್ಲಿಯೂ ನಿಲ್ಲದೆ ಈಜಿದಿರಿ. ಅಂದಿನಿಂದ ಶನಿವಾರಗಳಂದು ಮಹಿಳೆಯರ ಬ್ಯಾಚಿನ ಹೊಸಬರ ಜೊತೆ ನೀರಿನಲ್ಲಿ ನಿಲ್ಲುತ್ತಿದ್ದೀರಿ. ಅವರಲ್ಲಿ ಮೂವರು ಈಗ ತಾವಾಗಿಯೇ ಈಜುತ್ತಾರೆ. ಇದನ್ನು ಕಂಡ ನಿಮ್ಮ ತಂಡದವರು ಈ ಪತ್ರವನ್ನು ಸಂತೋಷದಿಂದ ನಿಮ್ಮ ಕೈಗಿಡುತ್ತಿದ್ದೇವೆ.” ಇದರಲ್ಲಿ ವಿಶೇಷಣಗಳೇ ಇಲ್ಲ. ಆದರೆ ಇದನ್ನು ಬೇರೆ ಯಾರಿಗೂ ಕೊಡಲಾಗುವುದಿಲ್ಲ.

ಸಮಾರಂಭವನ್ನು ಸಾಧ್ಯವಾದರೆ ಸಭಾಂಗಣದಿಂದ ಕೊಳದ ದಂಡೆಗೆ ತನ್ನಿ. ಭಾನುವಾರ ಬೆಳಗಿನ ಅಭ್ಯಾಸ ಮುಗಿಸಿ, ಬಟ್ಟೆ ಬದಲಿಸಿಕೊಂಡು, ಇಡ್ಲಿ ಕಾಫಿಯ ಜೊತೆ ಅರ್ಧ ಗಂಟೆಯಲ್ಲಿ ಮುಗಿಯುವ ಕಾರ್ಯಕ್ರಮಕ್ಕೆ ಎಲ್ಲರೂ ಇರುತ್ತಾರೆ. ಸಂಜೆಯ ಸಭಾಂಗಣಕ್ಕೆ ಅರ್ಧದಷ್ಟು ಜನವೂ ಬರುವುದಿಲ್ಲ. ಮುಖ್ಯ ಅತಿಥಿಗಳು ಬೇಕೇ ಬೇಕೆಂದಾದರೆ ಒಬ್ಬರು ಸಾಕು, ಮತ್ತು ಅವರ ಭಾಷಣ ಸನ್ಮಾನದ ನಂತರ ಬರಲಿ. ಅತಿಥಿಗಳು ತಡವಾಗಿ ಬಂದರೆ ಸನ್ಮಾನ ಕಾಯಬಾರದು. ಪತ್ರವನ್ನು ಅತಿಥಿಗಳು ಓದುವ ಬದಲು ಆ ಹೆಸರನ್ನು ಸೂಚಿಸಿದ ಸದಸ್ಯರೇ ಓದಲಿ. ಮನೆಯವರನ್ನು ಮೊದಲೇ ಕರೆಯಿರಿ, ಏಕೆಂದರೆ ಬೆಳಿಗ್ಗೆ ಐದೂವರೆಗೆ ಬಾಗಿಲು ತೆರೆದು ಹೋಗುವವರ ಹಿಂದೆ ಬಾಗಿಲು ಹಾಕಿಕೊಳ್ಳುವವರು ಒಬ್ಬರಿರುತ್ತಾರೆ, ಅವರಿಗೆ ಕೊಳ ಹೇಗಿದೆಯೆಂದೇ ಗೊತ್ತಿರುವುದಿಲ್ಲ. ಶಾಲು, ಹಾರ, ಮೈಸೂರು ಪೇಟ ಇರಲಿ, ಬೇಡವೆನ್ನುವುದಿಲ್ಲ. ಅವು ನಮ್ಮ ಗೌರವದ ಭಾಷೆ. ಸ್ಮರಣಿಕೆಗೆ ಇಟ್ಟ ಹಣವನ್ನು ಮಾತ್ರ ಬೇರೆ ಕಡೆ ತಿರುಗಿಸಿ: ಸನ್ಮಾನಿತರ ಹೆಸರಿನಲ್ಲಿ, ಶುಲ್ಕ ಕಟ್ಟಲು ಕಷ್ಟವಿರುವ ಒಬ್ಬ ವಯಸ್ಕರಿಗೆ, ಉದಾಹರಣೆಗೆ ಕೊಳದ ಆಸುಪಾಸಿನಲ್ಲಿ ಮನೆಗೆಲಸ ಮಾಡುವ ಮಹಿಳೆಯೊಬ್ಬರಿಗೆ, ಈಜು ಕಲಿಯಲು ಒಂದು ಋತುವಿನ ಶುಲ್ಕ ಕಟ್ಟಬಹುದು. ಯಾರಿಗೆ ಎಂಬುದನ್ನು ಸನ್ಮಾನಿತರೇ ಹೇಳಲಿ.

ಛಾಯಾಚಿತ್ರಗಳ ಬಗ್ಗೆ ಒಂದು ಎಚ್ಚರಿಕೆ. ಈಜುಡುಗೆಯಲ್ಲಿರುವ ಸದಸ್ಯರ, ಅದರಲ್ಲೂ ಮಹಿಳೆಯರ, ಚಿತ್ರಗಳನ್ನು ಅವರ ಅನುಮತಿಯಿಲ್ಲದೆ ಫ್ಲೆಕ್ಸಿನಲ್ಲಾಗಲಿ ಫೇಸ್‌ಬುಕ್ಕಿನಲ್ಲಾಗಲಿ ಹಾಕಬಾರದು. ಸ್ವಂತ ನಾಚಿಕೆಯನ್ನು ಮೀರಿ, ಮನೆಯ ಹಿರಿಯರ ಆಕ್ಷೇಪವನ್ನು ಮೀರಿ ಕೊಳಕ್ಕೆ ಬಂದವರು ಒಂದು ಚಿತ್ರದಿಂದಾಗಿ ಮತ್ತೆ ಬಾರದಂತಾದ ಪ್ರಸಂಗಗಳಿವೆ. ಪತ್ರ ಕೈಗಿಡುವ ಚಿತ್ರ ಸಾಕು.

ಕಾಲದ ಅಂದಾಜನ್ನೂ ಹೇಳಿಬಿಡುತ್ತೇನೆ. ಸೂಚನೆಗಳಿಗೆ ಒಂದು ತಿಂಗಳು, ಹಾಜರಿ ಪುಸ್ತಕ ಮತ್ತು ಕೋಚ್ ಅವರ ನೋಟ್‌ಬುಕ್ ನೋಡಿ ತೀರ್ಮಾನಿಸಲು ಎರಡು ವಾರ, ಸನ್ಮಾನಿತರ ಒಪ್ಪಿಗೆ ಪಡೆದು ಪತ್ರ ತಿದ್ದಲು ಇನ್ನೆರಡು ವಾರ ಬೇಕಾಗುತ್ತವೆ. ಅಂದರೆ ವಾರ್ಷಿಕೋತ್ಸವಕ್ಕೆ ಎರಡು ತಿಂಗಳು ಮೊದಲೇ ಶುರುಮಾಡಬೇಕು. ಯಾರಾದರೂ ಸನ್ಮಾನ ಬೇಡವೆಂದರೆ ಒತ್ತಾಯಿಸಬೇಡಿ, ಬೇಡವೆಂದರೆಂಬ ವಿಷಯವನ್ನೂ ಹೊರಗೆ ಬಿಡಬೇಡಿ.

ಹೋದ ವರ್ಷ ನೊಂದ ಸದಸ್ಯೆಯ ವಿಷಯವನ್ನು ಈ ಎಲ್ಲದಕ್ಕಿಂತ ಮೊದಲು ಮುಗಿಸಿ. ಹೊಸ ಸಮಾರಂಭದಲ್ಲಿ ಅವರನ್ನು ಮತ್ತೆ ವೇದಿಕೆಗೆ ಕರೆದು ಸರಿಪಡಿಸುತ್ತೇವೆಂದು ಹೊರಡಬೇಡಿ. ಅದು ಗಾಯದ ಮೇಲೆ ಇನ್ನೊಂದು ಗಾಯ. ಕಾರ್ಯದರ್ಶಿಯಾಗಿ ನೀವೂ ಮೈಕಿನಲ್ಲಿ ಮಾತಾಡಿದ ನಿರೂಪಕರೂ, ಅವರಿಗೆ ಅನುಕೂಲವಾದ ಹೊತ್ತು ಕೇಳಿಕೊಂಡು, ಮನೆಗೆ ಹೋಗಿ, ಕೇಳದೆ ಹೇಳಿದ್ದು ತಪ್ಪಾಯಿತೆಂದು ನೇರವಾಗಿ ಹೇಳಿ. ‘ಒಳ್ಳೆಯ ಉದ್ದೇಶದಿಂದ ಹೇಳಿದೆವು’ ಎಂಬ ಮಾತನ್ನು ಸೇರಿಸಬೇಡಿ. ಗುಂಪಿನಲ್ಲಿ ಆ ದಿನದ ವಿಡಿಯೊ ಇದ್ದರೆ ಅಳಿಸಿ, ಅಳಿಸಿದ್ದೇವೆಂದು ತಿಳಿಸಿ. ಈ ವರ್ಷದ ಹೊಸ ನಿಯಮದ ಕರಡನ್ನು ಅವರಿಗೆ ತೋರಿಸಿ, ಆರೋಗ್ಯದ ಕುರಿತ ಆ ಒಂದು ಕಲಮಿನ ಬಗ್ಗೆ ಅವರ ಅಭಿಪ್ರಾಯ ಕೇಳುವುದು ಒಳ್ಳೆಯದು, ಆದರೆ ಅವರಿಗೆ ಇಷ್ಟವಿದ್ದರೆ ಮಾತ್ರ. ಮತ್ತೆ ಕೊಳಕ್ಕೆ ಬನ್ನಿ ಎಂದು ಅಂದೇ ಒತ್ತಾಯಿಸುವ ಬದಲು, ಅವರ ಲೇನಿನಲ್ಲಿ ಜೊತೆಗೆ ಈಜುತ್ತಿದ್ದವರು ಯಾರೆಂದು ನೋಡಿ, ಒಂದು ವಾರ ಬಿಟ್ಟು ಅವರಿಂದ ಒಂದು ಫೋನ್ ಮಾಡಿಸಿ.